ಎಕ್ಸ್‌ಪೈರಿ ಬರೆಯದ ಟೈರು

ಕಡೂರಿನಲ್ಲಿ ಮರುಳಸಿದ್ದಪ್ಪ ಎಂಬ ಮೆಡಿಕಲ್ ಶಾಪಿನವರಿದ್ದರು. ಅವರ ಅಂಗಡಿಯಲ್ಲಿ ಔಷಧಿ ಕೊಳ್ಳುವುದು ಅಷ್ಟು ಸುಲಭವಾಗಿರಲಿಲ್ಲ. ಮಾತ್ರೆಯ ಸ್ಟ್ರಿಪ್ಪನ್ನು ಗಿರಾಕಿಯ ಕೈಗೇ ಕೊಟ್ಟು, "ಎಕ್ಸ್‌ಪೈರಿ ಓದಿ" ಅನ್ನುವರು. ಓದದವರಿಗೆ ಔಷಧಿ ಇಲ್ಲ. ಕನ್ನಡಕ ಮನೆಯಲ್ಲಿದೆ ಅಂದರೆ ತಮ್ಮ ಕನ್ನಡಕವನ್ನೇ ತೆಗೆದು ಕೊಡುವರು. ತಾರೀಕು ಒಂದು ದಿನ ಮೀರಿದ್ದರೂ ಆ ಸ್ಟ್ರಿಪ್ಪನ್ನು ಕತ್ತರಿಯಿಂದ ಚೂರುಚೂರು ಮಾಡಿ ಡಬ್ಬಿಗೆ ಹಾಕುವರು, ಬೇರೆ ಯಾರ ಕೈಗೂ ಸಿಗದ ಹಾಗೆ.

ಕೆಲವರು ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್ ತಂದು, "ಇದನ್ನ ನುಂಗಬಹುದಾ ಸ್ವಾಮಿ?" ಅಂತ ಕೇಳುವುದುಂಟು. ತಾರೀಕು ಇದ್ದ ತುದಿ ಹರಿದುಹೋಗಿದ್ದರೆ ಸಿದ್ದಪ್ಪನವರು ಅಲ್ಲೇ ಗದರುವರು. "ತಾರೀಕು ಕಾಣದೇ ಇರೋ ಮಾತ್ರೆ ಕೆಟ್ಟಿದೆ ಅಂತಲೇ ತಿಳ್ಕೋಬೇಕು ಕಣಯ್ಯ. ಬಿಸಾಕು." ಮಗಳು ದಾಕ್ಷಾಯಿಣಿ ಆ ಕೌಂಟರಿನ ಹಿಂದೆಯೇ ಹೋಂವರ್ಕ್ ಬರೆದುಕೊಂಡು ಬೆಳೆದವಳು. ಈ ಮಾತನ್ನು ಅವಳು ಸಾವಿರ ಸಲವಾದರೂ ಕೇಳಿದ್ದಳು.

ಇಂಥ ಮನುಷ್ಯನ ಮನೆಯಲ್ಲಿ ಹತ್ತು ವರ್ಷದ ಹಿಂದೆ ಕೊಂಡ ಒಂದು ಕೆಂಪು ಕಾರು ಇತ್ತು. ಅಂಗಡಿ ನಡೆದು ಹೋಗುವಷ್ಟು ಹತ್ತಿರ. ಹಾಗಾಗಿ ಕಾರು ಹೊರಗೆ ಬರುತ್ತಿದ್ದುದು ನೆಂಟರ ಮದುವೆಗೆ, ನಾಮಕರಣಕ್ಕೆ ಮಾತ್ರ. ಮಿಕ್ಕ ದಿನವೆಲ್ಲ ಕಾದ ತಗಡಿನ ಶೆಡ್ಡಿನ ಕೆಳಗೆ ಸುಮ್ಮನೆ ನಿಂತಿರುತ್ತಿತ್ತು. ಭಾನುವಾರ ಬಂತೆಂದರೆ ಸಿದ್ದಪ್ಪನವರು ಪಂಚೆ ಎತ್ತಿ ಕಟ್ಟಿ, ನಾಲ್ಕೂ ಟೈರಿಗೆ ಪಾಲಿಶ್ ಹಚ್ಚಿ ಮಿರಮಿರ ಮಿಂಚುವ ಹಾಗೆ ಉಜ್ಜುವರು.

ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಗಂಡಸರು ಕೂತರೆ ಕಾರಿನ ಮಾತು ಬರದೇ ಇರುತ್ತದೆಯೇ? ಒಬ್ಬರು "ನನ್ನ ಟೈರು ನಲವತ್ತು ಸಾವಿರ ಕಿಲೋಮೀಟರಿಗೇ ಬೋಳಾಯ್ತು" ಅನ್ನುವರು. ಇನ್ನೊಬ್ಬರು "ನಂದು ಬೇಸಿಗೇಲಿ ಚೆನ್ನಾಗಿತ್ತು, ಮಳೆ ಬಂದ ಕೂಡಲೇ ಜಾರೋಕೆ ಶುರುವಾಯ್ತು" ಅನ್ನುವರು. ಸಿದ್ದಪ್ಪನವರು ಹೋಳಿಗೆ ಮುರಿಯುತ್ತಾ ನಗುವರು. "ನಂದು ಆಲ್ ಸೀಸನ್ ಟೈರು. ಬಿಸಿಲು, ಮಳೆ, ಚಳಿ ಯಾವುದಕ್ಕೂ ಜಗ್ಗಲ್ಲ. ಹತ್ತು ವರ್ಷ ಆಯ್ತು, ಗ್ರಿಪ್ ಇನ್ನೂ ಶೋರೂಮಿನಲ್ಲಿ ಇದ್ದ ಹಾಗೇ ಇದೆ." ನಿಜ, ಹಾಗೇ ಇತ್ತು. ಓಡಿದ್ದರೆ ತಾನೇ ಸವೆಯುವುದು!

ಈಗ ವಿಷಯಕ್ಕೆ ಬರುತ್ತೇನೆ. ದಾಕ್ಷಾಯಿಣಿಯನ್ನು ಉಜಿರೆಗೆ ಕೊಟ್ಟಿದ್ದರು. ಅಳಿಯ ಚಂದ್ರಮೌಳಿ ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುವವರು. ದಾಕ್ಷಿಗೆ ಏಳು ತಿಂಗಳು ತುಂಬಿತ್ತು. ಗುರುವಾರ ಸೀಮಂತ ಮಾಡಿ, ಅದೇ ದಿನ ಹೆರಿಗೆಗೆ ತವರಿಗೆ ಕರೆತರಬೇಕು. ಶುಕ್ರವಾರದಿಂದ ಆಷಾಢ. ಆಷಾಢದಲ್ಲಿ ಬಸುರಿ ಮಗಳನ್ನು ಕರೆತರುವುದು ಸಿದ್ದಪ್ಪನವರ ಮನೆಯಲ್ಲಿ ಯಾವತ್ತೂ ನಡೆದಿರಲಿಲ್ಲ. ಆಷಾಢ ಕಳೆಯಲಿ ಅಂದರೆ ಎಂಟು ತಿಂಗಳು ತುಂಬುತ್ತದೆ, ಆಮೇಲೆ ಘಾಟಿ ಪ್ರಯಾಣ ಬೇಡ ಅಂತ ಡಾಕ್ಟರು ಹೇಳಿದ್ದರು. ನಡುವೆ ಚಾರ್ಮಾಡಿ ಘಾಟಿ. ಹೊರಗೆ ಮಳೆ ಹಿಡಿದು ವಾರವಾಗಿತ್ತು.

ಬುಧವಾರ ಬೆಳಿಗ್ಗೆ ಸಿದ್ದಪ್ಪನವರು ಗಾಳಿ ತುಂಬಿಸಲು ಕಾರನ್ನು ಖಲಂದರನ ಟೈರ್ ಅಂಗಡಿಗೆ ಒಯ್ದರು. ಹೆಂಡತಿ ಶಿವಗಂಗಮ್ಮ ಬಳೆ ಕೊಳ್ಳಲು ಹೊರಟವರು ಜೊತೆಗಿದ್ದರು. ಖಲಂದರ ಗಾಳಿ ತುಂಬಿ ಮುಗಿಸಿದರೂ ಏಳಲಿಲ್ಲ. ಬಟ್ಟೆಯಿಂದ ಪಾಲಿಶ್ ಒರೆಸಿದ. ಕೆಳಗೆ ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಸಣ್ಣ ಬಿರುಕು. ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ ಹಿಡಿದ.

"ಯಜಮಾನ್ರೆ, ಒಳ್ಳೆ ಟೈರಲ್ಲಿ ಉಗುರು ಒಂಚೂರಾದ್ರೂ ಇಳೀಬೇಕು. ಇದು ಕಲ್ಲಾಗಿದೆ. ಎಲ್ಲಿಗೆ ಹೊರಟ್ರಿ?"

"ಉಜಿರೆಗೆ. ನಾಳೆ ಮಗಳನ್ನ ಕರ್ಕೊಂಡು ಬರ್ತಿದೀವಿ."

"ಅಯ್ಯೋ, ಘಾಟಿ ಇಳಿಬೇಡಿ ಇದ್ರಲ್ಲಿ. ಈ ಅಳತೆ ಟೈರು ನನ್ನ ಹತ್ರ ಇಲ್ಲ. ಎರಡು ದಿನ ತಡೀರಿ, ತರಿಸ್ಕೊಡ್ತೀನಿ. ನೋಡಿ, ಇಲ್ಲಿ ನಾಲ್ಕು ನಂಬರ್ ಇದೆ. ಮೊದಲ ಎರಡು ಅಂಕಿ ಟೈರ್ ಮಾಡಿದ ವಾರ, ಆಮೇಲಿನ ಎರಡು ಇಸವಿ. ಟೈರ್ ಹುಟ್ಟಿ ಹತ್ತು ವರ್ಷ ದಾಟಿದೆ."

ಸಿದ್ದಪ್ಪನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಟೈರನ್ನು ಪೂರ್ತಿ ಒಂದು ಸುತ್ತು ನೋಡಿದರು.

"ಹುಟ್ಟಿದ ತಾರೀಕು ಸರಿಯಪ್ಪ. ಎಕ್ಸ್‌ಪೈರಿ ಎಲ್ಲಿ ಬರೆದಿದೆ ತೋರ್ಸು?"

"ಎಕ್ಸ್‌ಪೈರಿ ಬರೆಯಲ್ಲ ಯಜಮಾನ್ರೆ."

"ಬರೆದಿಲ್ಲ ಅಂದ್ಮೇಲೆ ಇಲ್ಲ! ನನಗೇ ಎಕ್ಸ್‌ಪೈರಿ ಪಾಠ ಹೇಳ್ತೀಯಲ್ಲೋ!" ಎಂದು ನಗುತ್ತಾ ಕಾರು ಹತ್ತಿದರು.

ನೋಡಿ, ಮಿಕ್ಕವರು ಟೈರಿನ ತಾರೀಕು ನೋಡದೆ ಕೆಡುತ್ತಾರೆ. ಈ ಮಹಾರಾಯರು ನೋಡಿ ಕೆಟ್ಟರು. ಶಿವಗಂಗಮ್ಮ ಮಾತ್ರ ನಗಲಿಲ್ಲ. ಖಲಂದರನ ಉಗುರೇ ಅವರ ಕಣ್ಣ ಮುಂದೆ ಇತ್ತು. ಬಳೆ ಅಂಗಡಿಯಲ್ಲಿ ಹಸಿರು ಬಳೆ ಕೇಳುವ ಬದಲು ಎರಡು ಸಲ ಕೆಂಪು ಬಳೆ ಕೇಳಿದರು.

ಗುರುವಾರ ನಸುಕಿಗೇ ಎದ್ದು ಇಬ್ಬರೂ ಹೊರಟರು. ಹಿಂದಿನ ಸೀಟಿನಲ್ಲಿ ಚಕ್ಕುಲಿ, ಕರ್ಜಿಕಾಯಿ, ಸೀರೆ, ಬಳೆ. ಕೊಟ್ಟಿಗೆಹಾರದವರೆಗೆ ಏನೂ ತೊಂದರೆಯಾಗಲಿಲ್ಲ. ಘಾಟಿ ಇಳಿಯಲು ಶುರುಮಾಡಿದ ಮೇಲೆ ಮಂಜು ಮುಸುಕಿತು. ಮಳೆ ಜೋರಾಯಿತು. ಶಿವಗಂಗಮ್ಮ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡರು.

"ರೀ, ನಿಧಾನ."

"ನಿಧಾನವಾಗೇ ಹೋಗ್ತಿದೀನಲ್ಲೇ. ನೀನು ಹಾಗೆ ಉಸಿರು ಬಿಗಿ ಹಿಡಿದ್ರೆ ನನಗೆ ರಸ್ತೆ ಮೇಲೆ ಗಮನ ನಿಲ್ಲಲ್ಲ."

ಐದಾರು ತಿರುವು ಕಳೆಯಿತು. ಮುಂದಿನ ತಿರುವಿನಲ್ಲಿ ಮಂಜಿನೊಳಗಿಂದ ಒಂದು ಬಸ್ಸು ಎದುರಿಗೆ ಬಂತು. ಸಿದ್ದಪ್ಪನವರು ಬ್ರೇಕ್ ಒತ್ತಿದರು. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಕಾರು ಕೇಳಲಿಲ್ಲ, ನೇರ ಜಾರಿತು. ಬಸ್ಸಿನ ಡ್ರೈವರ್ ಹೇಗೋ ಪಕ್ಕಕ್ಕೆ ಎಳೆದುಕೊಂಡ. ಕಾರು ರಸ್ತೆ ದಾಟಿ, ಪ್ರಪಾತದ ಕಡೆಯ ತಡೆಗೋಡೆಗೆ ಮೂತಿ ಗುದ್ದಿ ನಿಂತಿತು. ಗೋಡೆಯ ಮೇಲಿನ ಕಲ್ಲೊಂದು ಕಿತ್ತುಹೋಗಿ ಆಚೆ ಬಿತ್ತು. ಅದು ಕೆಳಗೆ ಮುಟ್ಟಿದ ಸದ್ದು ಇಬ್ಬರಿಗೂ ಕೇಳಿಸಲಿಲ್ಲ.

ಬಸ್ಸಿನವನು ಕಿಟಕಿಯಿಂದ ಬೈದು, ಯಾರಿಗೂ ಏಟಾಗಿಲ್ಲ ಅಂತ ನೋಡಿಕೊಂಡು ಹೋದ. ಸಿದ್ದಪ್ಪನವರು ಕಾರನ್ನು ಹಿಂದಕ್ಕೆ ತೆಗೆದು ರಸ್ತೆಗೆ ತಂದರು.

"ರಸ್ತೆ ಮೇಲೆ ಎಣ್ಣೆ ಚೆಲ್ಲಿರಬೇಕು."

"ಎಣ್ಣೆ ಎಲ್ಲಿದೆ ರೀ?"

"ಇದ್ದೇ ಇರುತ್ತೆ. ದಾಕ್ಷಿಗೆ ಹೇಳಬೇಡ. ಬಸುರಿ ಹುಡುಗಿ, ಹೆದರ್ತಾಳೆ."

ಮಗಳು ಹೆದರುತ್ತಾಳೆ ಅಂದಿದ್ದು ಬಾಯಿ. ಹೆದರಿದ್ದು ಅವರೇ. ಆದರೆ ಹೆದರಿಕೆ ಒಪ್ಪಿಕೊಂಡರೆ ಖಲಂದರ ಹೇಳಿದ್ದನ್ನೂ ಒಪ್ಪಿಕೊಳ್ಳಬೇಕಲ್ಲ! ಉಳಿದ ಘಾಟಿಯನ್ನು ಒಂದನೇ ಗೇರಿನಲ್ಲಿ, ಆಮೆಯ ಹಾಗೆ ಇಳಿದು ಉಜಿರೆ ಮುಟ್ಟಿದರು.

ಸೀಮಂತ ಚೆನ್ನಾಗಿಯೇ ಆಯಿತು. ದಾಕ್ಷಿ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಕೂತಿದ್ದಳು. ಮುತ್ತೈದೆಯರು ಆರತಿ ಎತ್ತಿದರು. ಶಿವಗಂಗಮ್ಮ ಮಗಳ ಮುಖ ನೋಡುವರು, ಕಿಟಕಿಯಾಚೆ ನಿಂತ ಕಾರು ನೋಡುವರು. ಎಲೆಗೆ ಬಡಿಸಿದ್ದು ಎಲೆಯಲ್ಲೇ ಉಳಿಯಿತು. ಇನ್ನೆರಡು ಗಂಟೆ ಕಳೆದರೆ ಈ ಹುಡುಗಿ ಆ ಕಾರಿನಲ್ಲಿ ಕೂರುತ್ತಾಳೆ. ಮತ್ತೆ ಅದೇ ತಿರುವು. ಒಬ್ಬಳಲ್ಲ, ಹೊಟ್ಟೆಯಲ್ಲೊಂದು ಜೀವ.

ಊಟದ ಗದ್ದಲದ ನಡುವೆ ಅವರು ಮೆಲ್ಲಗೆ ಹೊರಗೆ ಹೋಗಿ, ಕಾರಿನ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಹೆಬ್ಬೆರಳಿನ ಉಗುರನ್ನು ಟೈರಿಗೆ ಒತ್ತಿದರು. ಇಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ಉಗುರೇ ಮುರಿಯಿತು.

"ಅಮ್ಮಾ, ಅಲ್ಲೇನು ಮಾಡ್ತಿದೀಯ?"

ದಾಕ್ಷಿ ಮೆಟ್ಟಿಲ ಮೇಲೆ ನಿಂತಿದ್ದಳು. ಶಿವಗಂಗಮ್ಮ ಎದ್ದು ಏನೋ ಹೇಳಲು ಹೋದರು, ಅಳು ಬಂತು. ದಾಕ್ಷಿ ಕಾರಿನ ಮುಂದೆ ಬಂದಳು. ತಗ್ಗಾದ ಬಂಪರ್ ನೋಡಿದಳು. ಅದರ ಮೇಲಿನ ಸುಣ್ಣದ ಗೀರು ನೋಡಿದಳು. ಆಮೇಲೆ ಸೊಂಟಕ್ಕೆ ಕೈಕೊಟ್ಟು, ಕಷ್ಟಪಟ್ಟು ಬಗ್ಗಿ ಟೈರು ನೋಡಿದಳು. ಎಲ್ಲಿ ಏನು ಬರೆದಿದ್ದರೂ ಓದುವ ಅಭ್ಯಾಸ ಅವಳಿಗೆ ಅಪ್ಪನಿಂದಲೇ ಬಂದದ್ದು.

ಅಷ್ಟರಲ್ಲಿ ಸಿದ್ದಪ್ಪನವರು ಮಗಳ ಬ್ಯಾಗು ಹಿಡಿದು ಹೊರಗೆ ಬಂದರು. ಹಿಂದೆ ಅಳಿಯ.

"ಹೊರಡೋಣವಾ? ಹೊತ್ತಾದ್ರೆ ಮಂಜು ಜಾಸ್ತಿಯಾಗುತ್ತೆ. ನಾಳೆ ಆಷಾಢ."

"ಅಪ್ಪಾಜಿ, ಈ ನಂಬರ್ ಏನು?"

"ಅದಾ? ಟೈರ್ ಮಾಡಿದ ವಾರ, ಇಸವಿ."

"ಹತ್ತು ವರ್ಷ ಆಯ್ತಲ್ಲ. ಎಕ್ಸ್‌ಪೈರಿ ಯಾವಾಗ?"

"ಎಕ್ಸ್‌ಪೈರಿ ಬರೆದಿಲ್ಲಮ್ಮ. ಆಲ್ ಸೀಸನ್ ಟೈರು ಅದು."

ದಾಕ್ಷಿ ಗಲಾಟೆ ಮಾಡಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಾ ಕೇಳಿದಳು. "ಅಪ್ಪಾಜಿ, ತುದಿ ಹರಿದ ಸ್ಟ್ರಿಪ್ ತಂದು, ನುಂಗಬಹುದಾ ಅಂತ ಕೇಳ್ತಿದ್ರಲ್ಲ ಜನ, ಅವರಿಗೆ ನೀವು ಏನು ಹೇಳ್ತಿದ್ರಿ?"

ಸಿದ್ದಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು.

"ತಾರೀಕು ಕಾಣದೇ ಇದ್ರೆ ಕೆಟ್ಟಿದೆ ಅಂತಲೇ ತಿಳ್ಕೋಬೇಕು ಅಂತಿದ್ರಿ. ಊರವರಿಗೆಲ್ಲ ಒಂದು ನ್ಯಾಯ, ನನಗೂ ನನ್ನ ಮಗೂಗೂ ಒಂದು ನ್ಯಾಯವಾ ಅಪ್ಪಾಜಿ?"

ಸಿದ್ದಪ್ಪನವರು ಬ್ಯಾಗನ್ನು ಕೆಳಗಿಟ್ಟರು. ಅರವತ್ತು ದಾಟಿದ ಆ ಮನುಷ್ಯ ಮೆಟ್ಟಿಲ ಮೇಲೆ ಕೂತರು. ಎಲ್ಲವನ್ನೂ ಹೇಳಿದರು. ಖಲಂದರ ಹೇಳಿದ್ದು, ತಾವು ನಕ್ಕಿದ್ದು, ಬಸ್ಸು, ಗೋಡೆ, ಬಿದ್ದ ಕಲ್ಲು.

"ಎಣ್ಣೆ ಇರಲಿಲ್ಲಮ್ಮ. ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನ ಇದ್ರಲ್ಲಿ ಕೂರಿಸೋಕೆ ಹೊರಟಿದ್ದೆ."

ಅಳಿಯ ಇಬ್ಬರು ಟ್ಯಾಕ್ಸಿಯವರಿಗೆ ಫೋನ್ ಮಾಡಿದರು. ಈ ಮಳೆಗೆ ಘಾಟಿ ಹತ್ತುವುದಿಲ್ಲ ಅಂತ ಇಬ್ಬರೂ ಅಂದರು. ಉಜಿರೆಯ ಟೈರ್ ಅಂಗಡಿಯವನು, ಆ ಅಳತೆಯದ್ದು ನಾಳೆ ಸಂಜೆ ಬರುತ್ತದೆ ಅಂದ.

"ಆಷಾಢ ಹಿಡಿಯುತ್ತಲ್ಲ ಮಾವ?" ಎಂದರು ಚಂದ್ರಮೌಳಿ.

"ಹಿಡೀಲಿ ಬಿಡಿ ಅಳಿಯಂದ್ರೆ. ನನ್ನ ಮಗಳು ಮನೆ ಮುಟ್ಟಿದ ದಿನವೇ ಒಳ್ಳೆ ದಿನ."

ಶುಕ್ರವಾರ ಸಂಜೆ, ಊರೊಳಗಿನ ಒಂದು ಕಿಲೋಮೀಟರ್ ದಾರಿಯನ್ನು ಸಿದ್ದಪ್ಪನವರು ನಡೆಯುವವರ ವೇಗದಲ್ಲಿ ದಾಟಿ ಆ ಟೈರ್ ಅಂಗಡಿಗೆ ಬಂದರು. ಹೊಸ ಟೈರುಗಳೂ ಆಲ್ ಸೀಸನ್ನೇ. ಸಿದ್ದಪ್ಪನವರು ಒಂದೊಂದರ ನಂಬರನ್ನೂ ಓದಿ, ಒಂದೊಂದಕ್ಕೂ ಉಗುರು ಒತ್ತಿ ನೋಡಿದ ಮೇಲೆಯೇ ಹಾಕಲು ಬಿಟ್ಟರು.

ಶನಿವಾರ ಬೆಳಿಗ್ಗೆ ಘಾಟಿ ಹತ್ತಿದರು. ಮಳೆ ಇತ್ತು, ಮಂಜೂ ಇತ್ತು. ಹೊಸ ಟೈರು ಇದ್ದರೂ ಸಿದ್ದಪ್ಪನವರು ಅವಸರ ಮಾಡಲಿಲ್ಲ. ಆ ತಿರುವು ಬಂತು. ಬಿರುಕುಬಿಟ್ಟ ಗೋಡೆಯ ಮೇಲೆ ಕಿತ್ತುಹೋದ ಕಲ್ಲಿನ ಜಾಗ ಖಾಲಿಯಾಗಿತ್ತು, ಪಕ್ಕದಲ್ಲಿ ಕೆಂಪು ಬಣ್ಣದ ಗೀರು. ದಾಕ್ಷಿ ಅದನ್ನು ನೋಡಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. ಶಿವಗಂಗಮ್ಮ ತಮ್ಮ ಕೈಯನ್ನು ಅದರ ಮೇಲೆ ಇಟ್ಟರು. ಕಾರು ಜಾರದೆ ತಿರುವು ದಾಟಿತು.

ಒಂದು ವಿಷಯ ಹೇಳಲು ಮರೆತೆ. ಶುಕ್ರವಾರ ಹಳೆಯ ಟೈರುಗಳನ್ನು ಬಿಚ್ಚಿದಾಗ ಉಜಿರೆಯ ಅಂಗಡಿಯವನು, "ಇವನ್ನ ಇಲ್ಲೇ ಬಿಟ್ಟುಹೋಗಿ ಸಾರ್. ಗ್ರಿಪ್ ಇನ್ನೂ ಹೊಸದರ ಹಾಗೇ ಇದೆ, ಯಾರಾದ್ರೂ ಹಾಕಿಸ್ಕೋತಾರೆ" ಅಂದಿದ್ದ.

ಸಿದ್ದಪ್ಪನವರು ಅವನ ಹತ್ತಿರ ಗರಗಸ ಕೇಳಿದರು. ಅವನು ಬೇಡ ಬೇಡ ಅಂದರೂ ಕೇಳದೆ, ಅಂಗಡಿ ಮುಂದೆ ನೆಲದ ಮೇಲೆ ಕೂತು, ಬೆವರು ಸುರಿಸಿಕೊಂಡು ನಾಲ್ಕೂ ಟೈರಿನ ಪಕ್ಕವನ್ನು ಈ ಕಡೆಯಿಂದ ಆ ಕಡೆಗೆ ಕೊಯ್ದು ಹಾಕಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತು.

"ಯಾಕೆ ಸಾರ್ ಇಷ್ಟು ಕಷ್ಟ?" ಎಂದ ಅವನು.

"ಇದರಲ್ಲಿ ಇನ್ನೊಬ್ಬರ ಮಗಳು ಕೂರಬಾರದಪ್ಪ" ಎಂದರು ಸಿದ್ದಪ್ಪನವರು.

ನೀತಿ: ಹೊಸದರ ಹಾಗೆ ಕಾಣುವುದೆಲ್ಲ ಹೊಸದಲ್ಲ. ಮಳೆ ಬಿಸಿಲು ತಡೆಯುವ ವಸ್ತುವಿಗೂ ವಯಸ್ಸಾಗುತ್ತದೆ, ಕೊನೆಯ ದಿನ ಬರೆದಿಲ್ಲವೆಂದರೆ ಕೊನೆಯೇ ಇಲ್ಲವೆಂದಲ್ಲ. ಊರಿಗೆ ಹೇಳುವ ಬುದ್ಧಿಯನ್ನು ಮೊದಲು ನಮ್ಮ ಮನೆಯ ಬಾಗಿಲಲ್ಲಿ ನಿಂತ ಕಾರಿಗೆ ಹೇಳಬೇಕು. ಇದನ್ನು ಓದಿದವರು ಈಗಲೇ ಎದ್ದು ಹೋಗಿ, ಬಗ್ಗಿ, ಆ ನಾಲ್ಕು ನಂಬರ್ ಓದಿ ಬನ್ನಿ.