ದಾಸವಾಳದ ಬುಡದ ಇರುವೆಗಳು

ಕಾವೇರಿ ದಡದ ಒಂದು ಆಶ್ರಮದಲ್ಲಿ ನರಹರಿ ಅವಧಾನಿಗಳೆಂಬ ಗುರುಗಳಿದ್ದರು. ವಯಸ್ಸಾಗಿ ಮಂಡಿ ಹಿಡಿದುಕೊಂಡ ಮೇಲೆ ದೇವರ ಪೂಜೆಯನ್ನು ಶಿಷ್ಯ ಪ್ರಾಣೇಶನಿಗೆ ಒಪ್ಪಿಸಿದ್ದರು.

ಪ್ರಾಣೇಶ ಬಹಳ ಶ್ರದ್ಧೆಯವನು. ಶ್ರದ್ಧೆ ಹೆಚ್ಚಾದವರಿಗೆ ಸಿಟ್ಟೂ ಒಂದು ಹಿಡಿ ಹೆಚ್ಚೇ ಇರುತ್ತದೆ.

ಗುರುಗಳು ಪೂಜೆ ಮಾಡುತ್ತಿದ್ದ ಕಾಲದಲ್ಲೇ ಅವನು ಪೂಜೆಗೆಂದು ಅಂಗಳದಲ್ಲಿ ದಾಸವಾಳ ಬೆಳೆಸಿದ್ದ. ಈಚೆಗೆ ಗಿಡಕ್ಕೆ ಇರುವೆ ಮುತ್ತಿತ್ತು. ಮೊಗ್ಗು ಬಿರಿಯುವ ಮೊದಲೇ ಒಳಗೆಲ್ಲ ಇರುವೆ. ಇರುವೆ ಕಚ್ಚಿದ ಹೂವನ್ನು ದೇವರಿಗೆ ಏರಿಸುವಂತಿಲ್ಲ. ಬುಡದ ಸುತ್ತ ಬೂದಿ, ಅರಿಶಿನ ಚೆಲ್ಲಿದ. ಕಾಂಡಕ್ಕೆ ಬೇವಿನೆಣ್ಣೆಯ ಬಟ್ಟೆಯನ್ನೂ ಸುತ್ತಿದ. ಇರುವೆಗಳು ಜಗ್ಗಲಿಲ್ಲ.

ಒಂದು ದಿನ ಪೂಜೆಗೆ ಒಂದು ಹೂವೂ ಸಿಗಲಿಲ್ಲ. ಪೂಜೆ ಮುಗಿಸಿದವನೇ ಸ್ನಾನದ ಹಂಡೆಯಿಂದ ತಪ್ಪಲೆ ತುಂಬ ಕುದಿನೀರು ಮೊಗೆದು, ದಡದಡನೆ ಅಂಗಳಕ್ಕೆ ಬಂದ.

ಜಗಲಿಯಲ್ಲಿ ಕುಳಿತಿದ್ದ ಗುರುಗಳು ಕೇಳಿದರು, "ಏನೋ ಅದು?"

"ಕುದಿನೀರು, ಗುರುಗಳೇ. ಗೂಡಿಗೇ ಹುಯ್ದುಬಿಡ್ತೀನಿ. ನಿರ್ವಂಶ ಆಗಿಹೋಗ್ಲಿ!"

"ಅವು ನಿನಗೇನು ಮಾಡಿದ್ವು?"

"ನನಗೇನೂ ಮಾಡಿಲ್ಲ. ದೇವರ ಹೂವಿಗೆ ಬಾಯಿ ಹಾಕಿವೆ. ಇವತ್ತು ಅವನ ಮುಡಿಗೆ ಒಂದು ಹೂವಿಲ್ಲ. ನೋಡಿ ಹೊಟ್ಟೆ ಉರಿದುಹೋಯ್ತು."

"ಮೊದಲೂ ಇರುವೆ ಇದ್ವಾ?"

"ನೀವು ಪೂಜೆ ಮಾಡ್ತಿದ್ದಾಗ ಒಂದೂ ಇರಲಿಲ್ಲ. ನಾನು ಶುರು ಮಾಡಿದ ಮೇಲೇ ಬಂದ್ವು. ನನ್ನ ಮೇಲೆ ಏನು ಹಗೆಯೋ!"

"ಅಭಿಷೇಕದ ಪಂಚಾಮೃತ ಮಿಕ್ಕಿದ್ದನ್ನ ನಾನು ಹೊಳೆಗೆ ಬಿಡ್ತಿದ್ದೆ. ನೀನು ಎಲ್ಲಿ ಹುಯ್ತೀಯ?"

"ಈ ಗಿಡದ ಬುಡಕ್ಕೆ. ಯಾರೂ ತುಳೀಬಾರದಲ್ಲ."

"ಅದರಲ್ಲಿ ಏನೇನಿರುತ್ತೆ?"

"ಹಾಲು, ಮೊಸರು, ತುಪ್ಪ..." ಪ್ರಾಣೇಶನ ದನಿ ಇಳಿಯಿತು. "ಜೇನುತುಪ್ಪ, ಸಕ್ಕರೆ."

ದನಿ ಇಳಿಯಿತೇ ಹೊರತು ಸಿಟ್ಟು ಇಳಿಯಲಿಲ್ಲ. ತನ್ನ ತಪ್ಪು ಎದುರಿಗೆ ಬಂದಾಗ ಸಿಟ್ಟಿಗೆ ಇನ್ನಷ್ಟು ಸೌದೆ ಸಿಕ್ಕಿದಂತಾಗುತ್ತದೆ.

"ಆದ್ರೇನು ಗುರುಗಳೇ? ಬುಡದಲ್ಲಿದ್ದದ್ದನ್ನ ತಿಂದು ಸುಮ್ಮನೆ ಹೋಗ್ಬಾರದಿತ್ತಾ? ಹೂವಿಗ್ಯಾಕೆ ಹತ್ತಬೇಕು? ಸಾಯಲಿ ಬಿಡಿ!"

ಗುರುಗಳ ಮುಖ ಕೆಂಪಾಯಿತು. ಅವರು ಸಿಟ್ಟಾದದ್ದನ್ನು ಪ್ರಾಣೇಶ ಎಂದೂ ಕಂಡವನಲ್ಲ.

ಗೋಡೆ ಹಿಡಿದು ಎದ್ದರು. ನೋವಿಗೆ ಹಲ್ಲು ಕಚ್ಚಿಕೊಂಡು ಅಂಗಳಕ್ಕೆ ಇಳಿದರು. ಇರುವೆಗಳು ಮುತ್ತಿದ್ದ ಗಿಡದ ಬುಡದಲ್ಲೇ ಕಾಲು ಚಾಚಿ ಕುಳಿತುಬಿಟ್ಟರು. ಇರುವೆಗಳು ಅವರ ಪಾದ ಹತ್ತತೊಡಗಿದವು.

"ಏಳಿ ಗುರುಗಳೇ, ಕಚ್ತವೆ! ನನ್ನ ಕೈಯಲ್ಲಿ ಕುದಿನೀರಿದೆ!"

"ಸುರಿಯೋ," ಎಂದರು ಗುರುಗಳು. "ಬೆಳಿಗ್ಗೆ ನಾನೂ ಅದೇ ಪಂಚಾಮೃತ ಕುಡಿದಿದ್ದೀನಿ."