ಗೊಂಬೆಯ ಎಡಗಾಲು

ಶಿಷ್ಯ ಕೊಟ್ರೇಶ ಕೇಳಿದ: "ಮೇಷ್ಟ್ರೇ, ಒಂದು ಸಾಫ್ಟ್‌ವೇರ್‌ನಲ್ಲಿ ಯಾರೋ ಮಾಡಿಟ್ಟಿದ್ದ ಕಾರ್ಟೂನ್ ಅಜ್ಜಿಯನ್ನು ನಮ್ಮ ಸಾಫ್ಟ್‌ವೇರ್‌ಗೆ ದಾಟಿಸಿದೆ. ಮುಖ ಬಂತು, ಸೀರೆ ಬಂತು, ಬಣ್ಣ ಬಂತು, ಕೈಕಾಲು ಆಡುತ್ತವೆ. ಆ ಕಡೆ ಇದ್ದಾಗ ಅಜ್ಜಿಯ ತಲೆ ಸಣ್ಣಗೆ ನಡುಗುತ್ತಿತ್ತು. ಈ ಕಡೆ ಬಂದ ಮೇಲೆ ನಡುಕ ಇಲ್ಲ. ಹಾಗೆಯೇ ಕೊಟ್ಟುಬಿಟ್ಟರೆ ತಪ್ಪೇ? ನೋಡುವವರಿಗೆ ಏನು ಗೊತ್ತಾಗುತ್ತದೆ?"

ಪಂಪಾಪತಿ ಮೇಷ್ಟ್ರು ಅವನಿಗೆ ಕಂಪ್ಯೂಟರಿನಲ್ಲಿ ಗೊಂಬೆ ಆಡಿಸುವ ವಿದ್ಯೆ ಕಲಿಸುತ್ತಿದ್ದವರು. ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: "ಇದಕ್ಕೊಂದು ಕತೆ ಇದೆ. ಅದರಲ್ಲಿ ಒಂದೇ ಒಂದು ಅಕ್ಷರ ಸುಳ್ಳಿದ್ದರೆ ನನ್ನ ಈ ಮೀಸೆ ಕಂಪ್ಯೂಟರಿನ ಫ್ಯಾನಿಗೆ ಸಿಕ್ಕಿಕೊಳ್ಳಲಿ."

"ಆನೆ ಕತೆಗೂ ಇದೇ ಆಣೆ ಇಟ್ಟಿದ್ದಿರಿ."

"ಆನೆ ಕತೆಯೂ ನಿಜವೇ ಕಣಪ್ಪಾ. ಈ ಸೀಮೆಯಲ್ಲಿ ಗೊಂಬೆ ದಾಟಿಸುವುದರಲ್ಲಿ ನನ್ನನ್ನು ಮೀರಿಸಿದವನು ಹುಟ್ಟಿಲ್ಲ, ಹುಟ್ಟಿದ್ದರೂ ಅವನಿಗೆ ಇನ್ನೂ ಮೌಸ್ ಹಿಡಿಯಲು ಬಂದಿಲ್ಲ. ಅಂಥ ನಾನು ಆನೆಯನ್ನು ದಾಟಿಸಿದರೆ ಸೊಂಡಿಲು ಹೋಗಿ ಬಾಲದ ಜಾಗದಲ್ಲಿ ಕೂತಿತು. ಆನೆ ಹಿಮ್ಮುಖವಾಗಿ ನಡೆದು ಬಾಳೆಹಣ್ಣು ತಿಂದಿತು. ಆ ಚಿತ್ರ ಮಾಡಿಸಿದವನು, ಇದೇ ಚೆನ್ನಾಗಿದೆ ಇರಲಿ ಬಿಡಿ ಅಂದ. ಈ ಕತೆಯಲ್ಲಿ ಅಷ್ಟು ನಗು ಇಲ್ಲ. ಬಾಯಿ ಮುಚ್ಚಿಕೊಂಡು ಕೇಳು."

ಮೇಷ್ಟ್ರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಅವಳ ಎಡಗಾಲು ಹುಟ್ಟಿನಿಂದ ಗಿಡ್ಡ. ನಡೆದರೆ ಎಡಭುಜ ಕೆಳಗಿಳಿಯುತ್ತಿತ್ತು. ವರ್ತಕನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ನೆಂಟರು ಬಂದರೆ ಅವಳನ್ನು ಮೊದಲೇ ಕೂರಿಸಿಬಿಡುತ್ತಿದ್ದ. ಫೋಟೋ ತೆಗೆಸುವಾಗ ಕೂರಿಸುತ್ತಿದ್ದ. ಮದುವೆಮನೆಯಲ್ಲಿ ಯಾರಾದರೂ ವಿಡಿಯೋ ಹಿಡಿದರೆ ಅವಳ ಮುಂದೆ ತಾನು ಹೋಗಿ ನಿಲ್ಲುತ್ತಿದ್ದ. ಅವನು ಕೆಟ್ಟವನಲ್ಲ. ಜನ ಮಗಳನ್ನು ನೋಡಿ ನಕ್ಕಾರು ಎಂಬ ಭಯ ಅವನದು.

ಮಗಳಿಗೆ ಜ್ವರ ಬಂತು. ಉಳಿಯಲಿಲ್ಲ.

ತಾಯಿ ಅನ್ನ ಬಿಟ್ಟಳು. ಮನೆಯ ತುಂಬ ಮಗಳ ಫೋಟೋಗಳಿದ್ದವು. ಎಲ್ಲದರಲ್ಲಿಯೂ ಅವಳು ಕೂತಿದ್ದಳು. ಎದ್ದು ನಡೆದದ್ದು ಎಲ್ಲಿಯೂ ಇರಲಿಲ್ಲ. ತಾಯಿ ಒಂದೊಂದೇ ಫೋಟೋ ಹಿಡಿದು, ಏಳೇ, ಒಂದು ಸಲ ಏಳೇ, ಎಂದು ಹೇಳುತ್ತಿದ್ದಳು.

ವರ್ತಕ ಒಬ್ಬ ಗೊಂಬೆಗಾರನ ಬಳಿಗೆ ಹೋದ. ನಮ್ಮ ಹಾಗೆಯೇ ಕಂಪ್ಯೂಟರಿನಲ್ಲಿ ಗೊಂಬೆ ಆಡಿಸುವವನು ಅವನು. ನನ್ನಷ್ಟು ಜಾಣನಲ್ಲ ಬಿಡು, ಆದರೂ ಕೈ ಚೆನ್ನಾಗಿತ್ತು. ವರ್ತಕ ಹೇಳಿದ: "ಮಗಳು ಎದ್ದು ನಡೆಯುವ ಹಾಗೆ ಒಂದು ಗೊಂಬೆ ಮಾಡಿಕೊಡಪ್ಪ. ಇಲ್ಲವಾದರೆ ಇವಳೂ ಹೋಗುತ್ತಾಳೆ."

ಗೊಂಬೆಗಾರ ಹೊಸದಾಗಿ ಗೊಂಬೆ ಮಾಡಲಿಲ್ಲ. ಆ ಕಸುಬಿನಲ್ಲಿ ಯಾರೂ ಮಾಡುವುದಿಲ್ಲ. ಸಿದ್ಧವಾಗಿ ಸಿಗುವ ಒಂದು ಹುಡುಗಿ ಗೊಂಬೆಯನ್ನು ತಂದ. ಅದೇ ಗೊಂಬೆ ಒಂದು ಚಿತ್ರದಲ್ಲಿ ರಾಜಕುಮಾರಿ, ಇನ್ನೊಂದರಲ್ಲಿ ಸೋಪು ಮಾರುವವಳು. ಫೋಟೋ ನೋಡಿ ಅದಕ್ಕೆ ಮಗಳ ಮುಖ ಕೂರಿಸಿದ, ಮಗಳ ಜಡೆ ಹಾಕಿದ, ಲಂಗ ತೊಡಿಸಿದ. ಗೊಂಬೆಗಳ ಒಳಗೆ ಎಲುಬು ಇರುತ್ತವೆ. ಕಾಣುವುದಿಲ್ಲ, ಆದರೆ ನಡೆಸುವುದು ಅವೇ. ಈ ಗೊಂಬೆಯ ಎರಡು ಕಾಲಿನ ಎಲುಬೂ ಒಂದೇ ಸಮ ಇದ್ದವು. ಗೊಂಬೆಗಾರ ವರ್ತಕನ ಮನೆಗೆ ಬಂದು, ಮಗಳು ಹೇಗೆ ನಡೆಯುತ್ತಿದ್ದಳು ಎಂದು ಕೇಳಿದ.

ವರ್ತಕ ಗೋಡೆಯ ಕಡೆ ತಿರುಗಿದ. ತಾಯಿ ಎದ್ದಳು. ಸೆರಗು ಸಿಕ್ಕಿಸಿಕೊಂಡಳು. ಗೋಡೆಯಿಂದ ಹೊಸ್ತಿಲವರೆಗೆ ಮಗಳ ಹಾಗೆ ನಡೆದು ತೋರಿಸಿದಳು. ಎಡಗಾಲು ಊರಿದಾಗ ಭುಜ ಇಳಿಯಿತು. ಕೈ ತೊಡೆಯ ಹತ್ತಿರ ಸೀರೆಯನ್ನು ಮುದುಡಿ ಹಿಡಿಯಿತು. ಬಲಗಾಲು ಸ್ವಲ್ಪ ಅವಸರ ಮಾಡಿತು. ಹೊಸ್ತಿಲ ಬಳಿ ನಿಂತು, ದಾಟುವ ಮೊದಲು ಸುಮ್ಮನೆ ಒಮ್ಮೆ ನಕ್ಕಳು. ಮಗಳು ಹಾಗೆ ನಗುತ್ತಿದ್ದಳಂತೆ. ಗೊಂಬೆಗಾರ ಕೇಳಿದಷ್ಟು ಸಲ ಅವಳು ನಡೆದಳು. ವರ್ತಕ ಅಷ್ಟು ಹೊತ್ತೂ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ.

ಗೊಂಬೆಗಾರ ಗೊಂಬೆಯ ಎಡಗಾಲಿನ ಎಲುಬನ್ನು ಕತ್ತರಿಸಿದ. ಭುಜ ಇಳಿಸಿದ. ಕೈಯಲ್ಲಿ ಲಂಗ ಹಿಡಿಸಿದ. ಹೊಸ್ತಿಲ ಬಳಿ ನಿಲ್ಲಿಸಿ ನಗಿಸಿದ. ಗೊಂಬೆ ಪರದೆಯ ಮೇಲೆ ಗೋಡೆಯಿಂದ ಹೊಸ್ತಿಲಿಗೆ ನಡೆದು ಬಂದಾಗ ತಾಯಿ ಒಂದೇ ಮಾತು ಹೇಳಿದಳು: "ಬಂದೆಯಾ."

ಆ ದಿನ ಅವಳು ಊಟ ಮಾಡಿದಳು. ಮುಂದೆಯೂ ಪ್ರತಿದಿನ ಆ ಗೊಂಬೆಯ ಮುಂದೆ ತಟ್ಟೆ ಇಟ್ಟುಕೊಂಡೇ ಊಟ ಮಾಡಿದಳು. ವರ್ತಕ ಆ ಕೋಣೆಯೊಳಗೆ ಹೋಗುತ್ತಿರಲಿಲ್ಲ. ಬಾಗಿಲ ಆಚೆ ನಿಂತು, ಊಟ ಆಯಿತೇ ಎಂದು ಕೇಳಿ ಅಂಗಡಿಗೆ ಹೋಗುತ್ತಿದ್ದ.

ಕೆಲವು ವರ್ಷಗಳಾದ ಮೇಲೆ ತಾಯಿಯೂ ತೀರಿಕೊಂಡಳು. ಅಷ್ಟರಲ್ಲಿ ಆ ಹಳೆಯ ಸಾಫ್ಟ್‌ವೇರ್ ಮಾಡುತ್ತಿದ್ದವರು ಅದನ್ನು ನಿಲ್ಲಿಸಿಬಿಟ್ಟಿದ್ದರು. ಹೊಸ ಯಂತ್ರಗಳಲ್ಲಿ ಅದು ತೆರೆಯುತ್ತಲೇ ಇರಲಿಲ್ಲ. ವರ್ತಕನ ಮನೆಯ ಹಳೆಯ ಯಂತ್ರವೂ ಏದುಸಿರು ಬಿಡುತ್ತಿತ್ತು. ಅವನು ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಗೊಂಬೆಗಾರನ ಬಳಿಗೆ ತಂದ.

"ಮನೆಯಲ್ಲಿ ಈಗ ಇವಳೊಬ್ಬಳೇ ಉಳಿದಿರುವುದು. ಇವಳನ್ನಾದರೂ ಹೊಸದರೊಳಗೆ ಹಾಕಿ ಉಳಿಸಿಕೊಡು," ಎಂದ.

"ಅದೇನು ದೊಡ್ಡ ಕೆಲಸ. ಸಂಜೆ ಬನ್ನಿ," ಎಂದ ಗೊಂಬೆಗಾರ.

ಹಳೆಯ ಯಂತ್ರ ಬಹಳ ಹೊತ್ತು ಸತಾಯಿಸಿ ಎದ್ದಿತು. ಗೊಂಬೆಯನ್ನು ಈಚೆಗೆ ಕೊಟ್ಟಿತು. ಕೊಟ್ಟ ಮೇಲೆ ಮತ್ತೆ ಏಳಲಿಲ್ಲ. ಗೊಂಬೆಗಾರ ಅದನ್ನು ಪಕ್ಕಕ್ಕೆ ಸರಿಸಿ ಗೊಂಬೆಯನ್ನು ಹೊಸ ಸಾಫ್ಟ್‌ವೇರ್‌ಗೆ ದಾಟಿಸಿದ.

ಹೊಸ ಸಾಫ್ಟ್‌ವೇರ್ ಬಹಳ ಬುದ್ಧಿವಂತ. ಸಿದ್ಧವಾಗಿ ಸಿಗುವ ಎಲ್ಲ ಗೊಂಬೆಗಳ ಅಳತೆಯೂ ಅದರ ಹೊಟ್ಟೆಯಲ್ಲಿತ್ತು. ಇದು ಇಂಥ ಗೊಂಬೆ ಎಂದು ಅದು ಒಡನೆ ಗುರುತು ಹಿಡಿಯಿತು. ಎಡಗಾಲಿನ ಎಲುಬಿನ ಅಳತೆ ತಪ್ಪಿದೆ, ನಡಿಗೆಯೂ ತಪ್ಪಿದೆ, ಎರಡನ್ನೂ ಸರಿಪಡಿಸಲೇ ಎಂದು ಕೇಳಿತು.

ದಾಟಿ ಬರುವ ಗೊಂಬೆಗಳಿಗೆ ಏನಾದರೊಂದು ಊನ ಇದ್ದೇ ಇರುತ್ತದೆ. ಒಂದರ ಕಣ್ಣು ಕೆನ್ನೆಗೆ ಜಾರಿರುತ್ತದೆ, ಒಂದರ ಮೊಣಕೈ ಹಿಂದಕ್ಕೆ ಮಡಚುತ್ತದೆ. ಸರಿಪಡಿಸಲೇ ಎಂದು ಯಂತ್ರ ಕೇಳಿದರೆ ಹೂಂ ಅನ್ನುವುದು ಈ ಕಸುಬಿನವರ ಬೆರಳಿಗೆ ಅಂಟಿದ ಅಭ್ಯಾಸ. ಮನಸ್ಸು ಓದುವ ಮೊದಲೇ ಬೆರಳು ಒತ್ತಿರುತ್ತದೆ. ಗೊಂಬೆಗಾರನ ಬೆರಳು ಒತ್ತಿತು. ಮುಖ ನೋಡಿದ, ಸರಿಯಾಗಿತ್ತು. ಜಡೆ ನೋಡಿದ, ಲಂಗದ ಅಂಚು ನೋಡಿದ, ಸರಿಯಾಗಿದ್ದವು. ಹಳೆಯ ಹೆಸರಿನಲ್ಲಿಯೇ, ಹಳೆಯದರ ಮೇಲೆಯೇ ಉಳಿಸಿದ; ಅಲ್ಲಿಗೆ ಹಳೆಯದು ಅಳಿಸಿಹೋಯಿತು. ಆಮೇಲೆ ನಡೆಸಿ ನೋಡಿದ.

ಹುಡುಗಿ ಗೋಡೆಯಿಂದ ಹೊಸ್ತಿಲಿಗೆ ನೆಟ್ಟಗೆ ನಡೆದು ಬಂದಳು. ಭುಜ ಇಳಿಯಲಿಲ್ಲ. ಲಂಗ ಹಿಡಿಯಲಿಲ್ಲ. ಹೊಸ್ತಿಲ ಬಳಿ ನಿಲ್ಲಲಿಲ್ಲ. ರಾಜಕುಮಾರಿ ಹಾಗೆಯೇ ನಡೆಯುತ್ತಿದ್ದಳು, ಸೋಪು ಮಾರುವವಳೂ ಹಾಗೆಯೇ ನಡೆಯುತ್ತಿದ್ದಳು.

ಗೊಂಬೆಗಾರ ಹಳೆಯ ಯಂತ್ರದ ಗುಂಡಿ ಒತ್ತಿದ. ಮತ್ತೆ ಒತ್ತಿದ. ತಟ್ಟಿದ. ಅದು ಸತ್ತಿತ್ತು. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಎಲುಬನ್ನು ಎಷ್ಟು ಕತ್ತರಿಸಿದ್ದೆ ಎಂದು ಅವನಿಗೆ ನೆನಪಾಗಲಿಲ್ಲ. ಅಂದು ಅವನು ಅಳತೆ ನೋಡಿ ಕತ್ತರಿಸಿರಲಿಲ್ಲ, ತಾಯಿಯನ್ನು ನೋಡಿ ಕತ್ತರಿಸಿದ್ದ.

ಅಂದಾಜಿನಲ್ಲಿ ಒಂದಿಷ್ಟು ಕತ್ತರಿಸಿದ. ಹುಡುಗಿ ಮುಳ್ಳು ತುಳಿದವಳ ಹಾಗೆ ನಡೆದಳು. ಇನ್ನೊಂದಿಷ್ಟು ಕತ್ತರಿಸಿದ. ಮುದುಕಿಯ ಹಾಗೆ ನಡೆದಳು. ಭುಜ ಇಳಿಸಿದರೆ ಕುಡುಕನ ಹಾಗೆ ಓಲಾಡಿದಳು. ಗೊಂಬೆಗಾರ ಬಾಗಿಲು ಹಾಕಿಕೊಂಡು, ತಾಯಿ ನಡೆದ ಹಾಗೆ ತಾನೇ ಕೋಣೆಯಲ್ಲಿ ನಡೆದು ನೋಡಿದ. ಕೈ ಮೊದಲು ಹೋಗುತ್ತಿತ್ತೋ ಭುಜ ಮೊದಲು ಇಳಿಯುತ್ತಿತ್ತೋ ತಿಳಿಯಲಿಲ್ಲ. ಕುಂಟುವವರು ಲೋಕದಲ್ಲಿ ಸಾವಿರ ಜನ. ಅವಳ ಹಾಗೆ ಕುಂಟಿದವಳು ಒಬ್ಬಳೇ. ಅದನ್ನು ಬಲ್ಲವಳೂ ಒಬ್ಬಳೇ ಇದ್ದಳು. ಅವಳನ್ನು ಸುಟ್ಟಾಗಿತ್ತು.

ಕೊನೆಗೆ ಗೊಂಬೆಗಾರ ಕತ್ತರಿಸಿದ್ದನ್ನೆಲ್ಲ ಬಿಟ್ಟ. ಯಾರದೋ ಕುಂಟನ್ನು ಆ ಮಗುವಿಗೆ ಕಟ್ಟುವುದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ನೆಟ್ಟಗೆ ನಡೆಯುವವಳನ್ನೇ ಪರದೆಯ ಮೇಲೆ ನಿಲ್ಲಿಸಿ ಕಾಯುತ್ತ ಕೂತ.

ಸಂಜೆ ವರ್ತಕ ಬಂದ. ಈ ಸಲ ಅವನು ಗೋಡೆಯ ಕಡೆ ತಿರುಗಲಿಲ್ಲ. ಕುರ್ಚಿ ಎಳೆದುಕೊಂಡು ಪರದೆಯ ಎದುರಿಗೇ ಕೂತ. ಹುಡುಗಿ ನಡೆದು ಬಂದಳು. ವರ್ತಕ ಮತ್ತೊಮ್ಮೆ ನಡೆಸು ಎಂದು ಕೈಸನ್ನೆ ಮಾಡಿದ. ಮತ್ತೊಮ್ಮೆ ನಡೆದು ಬಂದಳು. ಗೊಂಬೆಗಾರ ಆದದ್ದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವರ್ತಕನೇ ಹೇಳಿದ: "ಇವಳು ನನ್ನ ಮಗಳಲ್ಲ."

ಮೇಷ್ಟ್ರು ಕತೆ ನಿಲ್ಲಿಸಿದರು. ಚಹಾ ಆರಿಹೋಗಿತ್ತು. ಅದನ್ನೇ ಕುಡಿದರು.

ಕೊಟ್ರೇಶ ಹೇಳಿದ: "ತಿಳಿಯಿತು ಮೇಷ್ಟ್ರೇ. ನೋಡುವವರಿಗೆ ಗೊತ್ತಾಗುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅವರಿಗೆ ಗೊತ್ತಾಗಿಯೇ ಆಗುತ್ತದೆ. ಸಿಕ್ಕಿಬೀಳುವುದಕ್ಕಿಂತ ಇನ್ನೊಂದು ದಿನ ಕೂತು ಆ ನಡುಕ ಕೂರಿಸುವುದೇ ವಾಸಿ."

ಮೇಷ್ಟ್ರು ಎಂದರು: "ಕತೆಯಲ್ಲಿ ಒಂದು ಸಣ್ಣ ಮಾತು ಮಾತ್ರ ನಾನು ಸೇರಿಸಿದ್ದು ಕಣಪ್ಪಾ, ಇವಳು ನನ್ನ ಮಗಳಲ್ಲ ಅಂತ ಅವನು ಅನ್ನಲಿಲ್ಲ, ಈಗ ಸರಿಹೋದಳು ನನ್ನ ಮಗಳು ಅಂತ ಕಣ್ಣೊರೆಸಿಕೊಂಡು ಮನೆಗೆ ಕರೆದುಕೊಂಡು ಹೋದ."