ಒಂದು ಮಾರ್ಕಿನ ರಾಜ

ಆ ಚರಿತ್ರೆ ಪುಸ್ತಕ ಎದೆ ಮೇಲಿಂದ ತೆಗೆದು ಅತ್ಲಾಗಿಡು ಪುಟ್ಟಿ, ಕತೆ ಹೇಳ್ತೀನಿ, ಹೂಂ ಅಂತಿರಬೇಕು. ಒಂದಾನೊಂದು ಕಾಲದಲ್ಲಿ, ಪರೀಕ್ಷೆ ಹುಟ್ಟಿ ಗೈಡು ಇನ್ನೂ ಹುಟ್ಟದೆ ಇದ್ದ ಕಾಲದಲ್ಲಿ, ಜಗಜಟ್ಟಿರಾಯ ಅಂತ ಒಬ್ಬ ರಾಜ ಇದ್ದನಂತೆ. ಅವನ ಊರಲ್ಲೊಂದು ಇಸ್ಕೂಲು, ಆ ಇಸ್ಕೂಲಲ್ಲಿ ಚೆಲುವಿ ಅಂತ ಒಬ್ಬಳು ಹುಡುಗಿ, ಮಾತಾಡಿದರೆ ಮುತ್ತು ಉದುರಿಹೋಗುತ್ತೆ ಅನ್ನೋ ಹಾಗೆ ತುಟಿ ಬಿಗಿದು ಕೂರೋಳಂತೆ. ಅವಳಪ್ಪ ರಾಜನ ದಂಡಿನ ಮುಂದೆ ನಗಾರಿ ಹೊಡೆಯೋನು.

ಒಂದಿನ ರಾಜ ಇಸ್ಕೂಲು ನೋಡೋಕೆ ಬಂದ. ಚೀನಾದಲ್ಲಿ ಗೋಡೆ ಯಾಕೆ ಕಟ್ಟಿದರು ಅಂತ ಮೇಷ್ಟ್ರು ಕೇಳಿದರು, ಮಕ್ಕಳು ಹೇಳಿದವು. ಪಿರಮಿಡ್ಡು ಯಾರಿಗೆ ಕಟ್ಟಿದ್ದು ಅಂದರು, ಹೇಳಿದವು. ಫ್ರಾನ್ಸಿನ ಜನ ರಾಜನ ಮೇಲೆ ಯಾಕೆ ತಿರುಗಿಬಿದ್ದರು ಅಂದರು, ಅದನ್ನೂ ರಾಗವಾಗಿ ಒಪ್ಪಿಸಿದವಂತೆ. ರಾಜನ ಮುಖ ಹರಳೆಣ್ಣೆ ಕುಡಿದಂಗಾಯ್ತು. ಏನ್ ಮೇಷ್ಟ್ರೇ, ಲೋಕದ ರಾಜರೆಲ್ಲ ಪಾಠದಲ್ಲಿದ್ದಾರೆ, ಸಂಬಳ ಕೊಡೋ ನಾನು ಒಂದು ಮಾರ್ಕಿಗೂ ಇಲ್ವಾ ಅಂದ. ಮೇಷ್ಟ್ರು ತಲೆ ಕೆರ್ಕೊಂಡು, ಪ್ರಭು, ತಾವೊಂದು ಯುದ್ಧಾನೂ ಮಾಡಿಲ್ವಲ್ಲ ಅಂದುಬಿಟ್ಟರಂತೆ.

ಅಷ್ಟೇ ಸಾಕಾಯ್ತು ರಾಜನಿಗೆ. ಬರೋ ಸೋಮವಾರ ಹೊಳೆಯಾಚೆ ರಾಜನ ಮೇಲೆ ಯುದ್ಧ, ಉತ್ತರ ಈಗಲೇ ಬಾಯಿಪಾಠ ಮಾಡಿಸಿ ಅಂದ. ಆಗಲಿ ಪ್ರಭು, ಮೂರು ಕಾರಣ ಬೇಕು, ಒಂದೊಂದಕ್ಕೆ ಒಂದು ಮಾರ್ಕು ಅಂದರು ಮೇಷ್ಟ್ರು. ರಾಜ ಮೀಸೆ ತಿರುವಿ, ಅವನ ಮಗಳ ಮದುವೇಲಿ ನನ್ನ ಎಲೆಗೆ ಎರಡನೇ ಒಬ್ಬಟ್ಟು ಬರಲಿಲ್ಲ ಅಂದ. ಆಮೇಲೆ ಮಂತ್ರಿ, ನಮ್ಮ ಮರದ ಹುಣಸೆಹಣ್ಣು ಅವರ ಕಡೆ ಬೀಳುತ್ತೆ ಅಂದ. ಆಮೇಲೆ ದಳವಾಯಿ, ಕುದುರೆಗಳಿಗೆ ಕೂತು ಕೂತು ಬೊಜ್ಜು ಬಂದಿದೆ ಅಂದನಂತೆ.

ಮಕ್ಕಳಿಗೇನು, ಸಂಜೆ ಜಗಲಿ ಮೇಲೆ ಕೂತು ಮೈ ತೂಗಿ ತೂಗಿ ಶುರುಮಾಡಿದವು: ಯುದ್ಧಕ್ಕೆ ಕಾರಣಗಳು! ಒಂದು, ಒಬ್ಬಟ್ಟು! ಎರಡು, ಹುಣಸೆಹಣ್ಣು! ಮೂರು, ಕುದುರೆ ಬೊಜ್ಜು! ಬೀದಿ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡರು. ರಾಣಿ ಉಪ್ಪರಿಗೆಯಿಂದ ಕೇಳಿಸಿಕೊಂಡು, ಏನೂಂದ್ರೆ, ಇನ್ನು ನೂರು ವರ್ಷ ಹಿಂಗೇ ಹಾಡ್ತಾರಲ್ಲ, ಒಂದು ಮಾತು ಹೇಳಿದ್ದರೆ ನನ್ನೆಲೇದೇ ಕೊಡ್ತಿದ್ದೆ ಅಂದಳಂತೆ.

ಬೆಳಗಾಗಿದ್ದೇ ರಾಜ ಇಸ್ಕೂಲಿಗೆ ಓಡಿಬಂದು, ಕಾರಣ ಬದಲಾಯಿಸಿ, ಒಳ್ಳೇವು ಹಾಕಿ ಅಂದ. ಆಗ ಚೆಲುವಿ ಎದ್ದು ನಿಂತಳಂತೆ. ಅವಳಪ್ಪ ನಗಾರಿಗೆ ಹೊಸ ಚರ್ಮ ಬಿಗೀತಿದ್ದದ್ದನ್ನ ನೋಡಿಬಂದಿದ್ದಳು. ಈಗ ಅವಳೆದೆಯೇ ನಗಾರಿ ಆಗಿತ್ತು. ಪ್ರಭು, ಪರಿಣಾಮಗಳು ಅಂತಾನೂ ಪ್ರಶ್ನೆ ಬರುತ್ತೆ, ಅದಕ್ಕೂ ಮೂರು ಬೇಕು, ಮೊದಲನೇದು ನಮ್ಮಪ್ಪ, ದಂಡಿನ ಮುಂದೆ ಹೋಗೋರು ಅವರೇ ಅಲ್ವಾ, ಇನ್ನೆರಡು ಯಾರು ಅಂತ ಬರೀಲಿ ಅಂದಳಂತೆ.

ದಳವಾಯಿ ಸೂರು ನೋಡಿದ, ಮಂತ್ರಿ ನೆಲ ನೋಡಿದ. ರಾಜ ಚೆಲುವಿ ಮುಖ ನೋಡಿ, ಮೆಲ್ಲಗೆ ಮಕ್ಕಳ ಮಣೆ ಮೇಲೆ ಕೂತುಬಿಟ್ಟನಂತೆ.

ಆಮೇಲೇನು, ಸೋಮವಾರ ದಂಡು ಹೊರಟೇಬಿಡ್ತು. ಮುಂದೆ ಚೆಲುವಿಯಪ್ಪನ ನಗಾರಿ, ಹಿಂದೆ ಏದುಸಿರು ಬಿಡೋ ಕುದುರೆಗಳು, ಕತ್ತಿ ಇಲ್ಲ, ಬುಟ್ಟಿ ತುಂಬಾ ಹುಣಸೆಹಣ್ಣು. ಹೊಳೆಯಾಚೆ ರಾಜ, ಅಯ್ಯೋ ಮಾರಾಯ, ಅವತ್ತು ಬಡಿಸೋನು ಸಾಲು ತಪ್ಪಿದ, ಬಾ ಕೂತ್ಕೋ ಅಂತ ಕೈ ಹಿಡಿದು, ಸಾಕು ಸಾಕು ಅಂದರೂ ಒಬ್ಬಟ್ಟು ಹಾಕಿಸಿದನಂತೆ. ಬರುವಾಗ ರಾಜನಿಗೆ ಕುದುರೆ ಹತ್ತೋಕಾಗಲಿಲ್ಲ. ಚೆಲುವಿಯಪ್ಪ ಮಗಳಿಗೆ ಅಂತ ಎರಡು ಒಬ್ಬಟ್ಟು ಪಂಚೆ ತುದೀಲಿ ಕಟ್ಟಿಕೊಂಡು ಬಂದನಂತೆ.

ಅವತ್ತಿಂದ ಆ ಇಸ್ಕೂಲಲ್ಲಿ ವರ್ಷಾ ವರ್ಷಾ ಒಂದು ಬಿಟ್ಟ ಸ್ಥಳ ಬರುತ್ತಂತೆ: ಯುದ್ಧಕ್ಕೆ ಹೋಗಿ ಊಟ ಮಾಡಿ ಬಂದ ರಾಜ ಡ್ಯಾಶ್. ಎಂಥ ದಡ್ಡರೂ ಆ ಒಂದು ಮಾರ್ಕು ಬಿಡಲ್ಲವಂತೆ.

ನಾಳೆ ಪರೀಕ್ಷೇಲಿ ನೀನು ಇದನ್ನ ಬರೆದುಬಂದು ಅಜ್ಜಿ ಹೇಳಿದ್ದು ಅಂದೀಯ, ಜೋಕೆ. ಒಬ್ಬಟ್ಟು ಅವರಿಗಾಯ್ತು, ನಿದ್ದೆ ನಿನಗಿರಲಿ, ಕತೆ ಮುಗೀತು.